ಬೆನ್ನ ಮೇಲಿನ ಮಣ್ಣು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಕಂಡ ಕೂಡಲೇ ನಮ್ಮ ಜನ ಮನೆತನ ಯಾವುದು, ಮಠ ಯಾವುದು, ಯಾರಿಗೆ ಬೀಗರು ಎಂದು ಕೆದಕಲು ಶುರುಮಾಡುತ್ತಾರೆ. ಆಮೇಲೆ ಮನುಷ್ಯನನ್ನು ನೋಡುವುದೇ ಇಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಕುಸ್ತಿ ನೋಡುವವರು ಅವರನ್ನು ಕಾಕಾ ಎಂದು ಕರೆಯುತ್ತಿದ್ದರು. ನನಗೂ ಅಷ್ಟು ಸಾಕು. ಅವರು ತೀರಿಕೊಂಡು ಎರಡು ತಿಂಗಳಾಯಿತು. ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಹಿಂದೆಮುಂದೆ ನೋಡಿದೆ. ಅವರ ಬಗ್ಗೆ ಇದ್ದದ್ದು ಇದ್ದಂತೆ ಬರೆದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಹಿಂಜರಿಕೆ ಇದ್ದದ್ದು ಅದಕ್ಕೆ.

ಕಾಕಾ ಕುಸ್ತಿಯ ಕಣದ ಪಂಚರು. ಯಾರು ಗೆದ್ದರು, ಯಾರು ಸೋತರು ಎಂದು ಹೇಳುವುದು ಅವರ ಕೆಲಸ. ಪ್ಲೇಗಿನ ಹಾವಳಿ ತುಸು ತಗ್ಗಿ, ಹೊಲದ ಗುಡಿಸಲುಗಳಲ್ಲಿದ್ದ ಜನ ಊರೊಳಗೆ ಮರಳಿದ್ದ ವರ್ಷಗಳವು. ನಾನು ಬೈಲಹೊಂಗಲದ ಕನ್ನಡ ಶಾಲೆಗೆ ಆಗಷ್ಟೇ ಮಾಸ್ತರನಾಗಿ ಬಂದಿದ್ದೆ. ಕಾಕಾ ಅವರಿಗೆ ಆಗಲೇ ಐವತ್ತು ದಾಟಿತ್ತು. ಪ್ರಾಯದಲ್ಲಿ ಸ್ವತಃ ಪೈಲ್ವಾನರು. ಎರಡೂ ಕಿವಿಗಳು ಮುರಿದು ಗಂಟು ಕಟ್ಟಿಕೊಂಡಿದ್ದವು. ಊರಾಚೆ ಅವರದು ಒಂದಿಷ್ಟು ಎರೆ ಹೊಲ. ಬೆಳಿಗ್ಗೆ ಹೊಲ, ಮಧ್ಯಾಹ್ನ ನಮ್ಮ ಮನೆಯ ಕಟ್ಟೆ. ನಾನು ಪತ್ರಿಕೆ ಓದಿ ಹೇಳಬೇಕು, ಅವರು ಕೇಳಬೇಕು. ಕೇಳುವುದೆಂದರೆ ಸುಮ್ಮನೆ ಕೇಳುವುದಲ್ಲ. ಬೆಳಗಾವಿಯಲ್ಲಿ ಸಾಹೇಬರು ರಸ್ತೆಗೆ ಮಂಜೂರಿ ಕೊಟ್ಟರಂತೆ ಎಂದು ನಾನು ಓದಿದರೆ, ಎಲೆಗೆ ಸುಣ್ಣ ಹಚ್ಚುತ್ತ, "ಬರದಾಂವ ಕಣ್ಣಲೆ ನೋಡ್ಯಾನೇನ್ರಿ?" ಎನ್ನುವರು.

"ಕಾಕಾ, ಅಚ್ಚಾಗೇದಲ್ಲಾ."

"ಅಚ್ಚ ಹಾಕೂದು ಮಷೀನು. ಮಷೀನಿಗೆ ಕಣ್ಣ ಎಲ್ಲಿ ಅದಾವು?"

ಯಾರನ್ನೂ ನಂಬದ ಮನುಷ್ಯನ ಜೊತೆ ಸಂಸಾರ ಮಾಡುವುದು ಹೇಗೆ ಎಂದು ಅವರ ಹೆಂಡತಿಯನ್ನೇ ಒಮ್ಮೆ ಕೇಳಿದ್ದೆ. ಆ ತಾಯಿ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು: "ಪಲ್ಯಾಕ ಉಪ್ಪ ಹಾಕೇನಿ ಅಂದ್ರ ನಾಲಿಗಿ ಮ್ಯಾಲ ಇಟ್ಟ ನೋಡತಾರ್ರಿ ಮಾಸ್ತರ. ಮೂವತ್ತ ವರ್ಷ ಆತು. ಒಂದ ದಿನಾ ಹಾಕಲಾರದ ಇದ್ರ, ಅವತ್ತ ನಂಬಿ ಉಣ್ಣತಾರ ಅನಸ್ತೈತಿ." ಒಳಗಿನಿಂದ ಕಾಕಾ, "ಹಂಗ ಒಂದ ಸಲ ಮಾಡಿದ್ದಿ, ನನಗ ನೆನಪೈತಿ" ಎಂದರು. ಮೂವರೂ ನಕ್ಕೆವು. ಅವರ ಸಂಶಯದಲ್ಲಿ ವಿಷ ಇರಲಿಲ್ಲ ಎಂದೇ ನಾನು ಬಹಳ ದಿನ ನಂಬಿದ್ದೆ.

ಕಣದಲ್ಲಿ ಅವರನ್ನು ನೋಡಬೇಕಿತ್ತು. ಕುಸ್ತಿ ಹಿಡಿಯುವ ಮೊದಲು ಇಬ್ಬರು ಪೈಲ್ವಾನರನ್ನೂ ಹತ್ತಿರ ಕರೆದು, ತೋಳು ತೊಡೆಗಳನ್ನು ಧೋತರದ ಚುಂಗಿನಿಂದ ಒರೆಸಿ, ಚುಂಗನ್ನು ಮೂಸಿ ನೋಡುವರು. ಹಿಡಿತ ಜಾರಲೆಂದು ಕೆಲವರು ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. ಉಗುರು ಬೆಳೆದಿದ್ದರೆ ಸೊಂಟದ ಚೂರಿಯಿಂದ ತಾವೇ ತೆಗೆಯುವರು. ಸವದತ್ತಿಯಲ್ಲಿ ಒಬ್ಬ ಹೆಸರಾಂತ ಪೈಲ್ವಾನ ಇದನ್ನೆಲ್ಲ ಅವಮಾನ ಎಂದುಕೊಂಡು, "ನನ್ನ ಮ್ಯಾಲ ಇಷ್ಟೂ ಭರೋಸಾ ಇಲ್ಲೇನ್ರಿ ಕಾಕಾ?" ಎಂದ. ಕಾಕಾ ಅವನ ಉಗುರು ತೆಗೆಯುತ್ತಲೇ, "ಭರೋಸಾ ಐತಿ ತಮ್ಮಾ, ನಿನ್ನ ಉಗುರಿನ ಮ್ಯಾಲ ಇಲ್ಲ" ಎಂದರು. ಜನ ಕೇಕೆ ಹಾಕಿದರು.

ಅವರದೇ ಆದ ಇನ್ನೊಂದು ಪದ್ಧತಿ ಇತ್ತು. ಕುಸ್ತಿ ಮುಗಿದ ಮೇಲೆ ಗೆದ್ದವನ ಕೈ ಎತ್ತುವ ಮೊದಲು ಸೋತವನ ಬಳಿಗೆ ಹೋಗಿ ಅವನ ಬೆನ್ನ ಮೇಲೆ ಅಂಗೈ ಆಡಿಸುತ್ತಿದ್ದರು. ಒಳಗೊಳಗೇ ಮಾತಾಡಿಕೊಂಡು ಬೇಕೆಂದೇ ಸೋಲುವ ಆಟಕ್ಕೆ ನಮ್ಮ ಕಡೆ ನೂರಾ ಕುಸ್ತಿ ಎನ್ನುತ್ತಾರೆ. ಕಾಕಾ ಅವರ ಪ್ರಕಾರ ನಿಜವಾಗಿ ಹೋರಾಡಿ ಬಿದ್ದವನ ಮೈ ಬೆವರಿರುತ್ತದೆ. ಕಣದ ಕೆಂಪು ಮಣ್ಣು ಹೆಗಲ ರೆಕ್ಕೆಗಳೆರಡಕ್ಕೂ ಕಚ್ಚಿಕೊಂಡಿರುತ್ತದೆ, ಕೈಯಾಡಿಸಿದರೆ ಉದುರುವುದಿಲ್ಲ. ಸುಮ್ಮನೆ ಮಲಗಿದವನ ಬೆನ್ನ ಮೇಲಿನ ಮಣ್ಣು ಪುಡಿಪುಡಿಯಾಗಿ ಉದುರುತ್ತದೆ. ಹೀಗೆ ಅಂಗೈಯಿಂದಲೇ ಅವರು ಹಿಡಿದ ನೂರಾ ಕುಸ್ತಿಗಳು ಒಂದೆರಡಲ್ಲ. ಹಿಡಿದ ಮೇಲೆ ಅವರು ಬೈಯುತ್ತಲೂ ಇರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಜೋಡಿಗಳ ಹೆಸರು ಕೂಗಿ ಹಲಗೆ ಬಡಿಯುವವನ ಕಡೆ ತಿರುಗಿ, "ಇಂವನ ಹೆಸರಿಗೆ ಇನ್ನ ಹಲಗಿ ಬಾರಸಬ್ಯಾಡ" ಎಂದರೆ ಮುಗಿಯಿತು. ನಾಲ್ಕೂ ಊರುಗಳಲ್ಲಿ ಆ ಪೈಲ್ವಾನನಿಗೆ ಜೋಡಿ ಸಿಗುತ್ತಿರಲಿಲ್ಲ.

ಕಣದಲ್ಲಿ ಮಾಡಿದ್ದನ್ನೇ ಅವರು ಊರ ಕಾರಭಾರದಲ್ಲೂ ಮಾಡಲು ಹೋಗುತ್ತಿದ್ದರು. ತಾಲೂಕು ಬೋರ್ಡಿಗೆ ನಮ್ಮ ಕಡೆಯಿಂದ ಆರಿಸಿ ಹೋಗಿದ್ದ ಮೆಂಬರರೊಬ್ಬರಿದ್ದರು. ಇವರ ಹೆಸರನ್ನೂ ಬರೆಯುವುದಿಲ್ಲ, ಕಾರಣ ಬೇರೆ. ಸಿಹಿ ಮಾತಿನ ಮನುಷ್ಯ. ಯಾರ ಮನೆಯಲ್ಲಿ ಮದುವೆಯಾದರೂ ಬಂದು ಅಕ್ಕಿಕಾಳು ಹಾಕಿ, ಬಡವರ ಪಂಕ್ತಿಯಲ್ಲೇ ಕೂತು ಉಣ್ಣುವವರು. ಪೇಟೆಯ ಹಿಂದಿನ ಓಣಿಗೆ ಅವರು ಬೋರ್ಡಿನಿಂದ ಬಾವಿಯೊಂದನ್ನು ತೋಡಿಸಿದರು. ಬಾವಿಯ ಪೂಜೆಯ ದಿನ ನೀರು ಸೇದುವ ಗಡಗಡೆಗೆ ಚೆಂಡುಹೂವಿನ ಮಾಲೆ. ಮೆಂಬರರೇ ಮೊದಲ ಕೊಡ ಸೇದಿದರು, ಎಲ್ಲರಿಗೂ ಬೊಗಸೆ ಬೊಗಸೆ ನೀರು ಹಂಚಿದರು. ಕಾಕಾ ಬೊಗಸೆಯನ್ನು ಮೂಗಿನ ಹತ್ತಿರ ತಂದು ಅಲ್ಲೇ ನಿಂತರು.

"ಸಾಹೇಬ್ರ, ಇದು ಕೆರಿ ನೀರಿನ ವಾಸನಿ ಐತಿ. ಬಾವಿಗೆ ಸೆಲಿ ಬಿದ್ದದ್ದ ನೋಡಿದವರ ಯಾರು?"

"ಕಾಕಾ, ನೀರು ನಿಮ್ಮ ಕೈಯಾಗ ಐತೆಲ್ಲಾ!"

"ನೀರ ಐತ್ರಿ. ನಾ ಕೇಳಿದ್ದು ಸೆಲಿ."

ಜನ ನಕ್ಕರು, ಮೆಂಬರರೂ ನಕ್ಕರು. ಮರುದಿನ ಬೆಳಗಿನಿಂದ ಕಾಕಾ ಬಾವಿಯ ಕಟ್ಟೆಯ ಮೇಲೆ ಎಲೆಯಡಿಕೆ ಚೀಲ ಇಟ್ಟುಕೊಂಡು ಕೂತರು. ಮಧ್ಯಾಹ್ನಕ್ಕೆಲ್ಲ ಹೆಂಗಸರ ಕೊಡಗಳು ತಳದ ಕಲ್ಲಿಗೆ ಬಡಿಯತೊಡಗಿದವು. ಹಿಂದಿನ ದಿನ ನಸುಕಿನಲ್ಲಿ ಕೆರೆಯಿಂದ ಗಾಡಿಗಟ್ಟಲೆ ನೀರು ತಂದು ಸುರಿದಿದ್ದರೆಂದು ಗಾಡಿಯವನೇ ಬಾಯಿಬಿಟ್ಟ. ಬೋರ್ಡಿನವರು ಮತ್ತೆ ಗುದ್ದಲಿ ಕಳಿಸಿ ಇನ್ನಷ್ಟು ಆಳ ತೋಡಿಸಬೇಕಾಯಿತು. ಅಂದಿನಿಂದ ಮೆಂಬರರು ಯಾವ ಸಭೆಗೆ ಬಂದರೂ ಮೊದಲು ಕಾಕಾ ಅವರ ಕ್ಷೇಮ ವಿಚಾರಿಸುತ್ತಿದ್ದರು. ನನಗೆ ಆ ವಿಚಾರಣೆಯ ಮೇಲೆಯೇ ಅನುಮಾನವಿತ್ತು.

ಈಗ ಮನೋಳಿಯ ಬಾಳಪ್ಪನ ಮಾತಿಗೆ ಬರಬೇಕು. ಮಲಪ್ರಭೆಯ ದಂಡೆಯ ರೈತರ ಹುಡುಗ. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ, ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಮಾತು ಮಾತ್ರ ಹೊಸದಾಗಿ ಬಂದ ಸೊಸೆಯಷ್ಟು ಮೆಲ್ಲಗೆ. ಎರಡು ವರ್ಷ ಅವನು ಯಾರಿಗೂ ಚಿತ್ ಆಗಿರಲಿಲ್ಲ. ಹಾಲು, ಬಾದಾಮಿ, ತುಪ್ಪದ ಖುರಾಕು ಮೆಂಬರರ ಮನೆಯದು. ಅದಕ್ಕೇ ಅವನನ್ನು ಜನ ಮೆಂಬರರ ಪೈಲ್ವಾನ ಎನ್ನುತ್ತಿದ್ದರು. ಬೋರ್ಡಿನ ಚುನಾವಣೆಗೆ ಒಂದು ತಿಂಗಳಿದ್ದಾಗ, ದೀಪಾವಳಿಯ ಹಿಂದುಮುಂದು, ಮೆಂಬರರು ಬೈಲಹೊಂಗಲದಲ್ಲಿ ದೊಡ್ಡ ಕುಸ್ತಿ ಇಡಿಸಿದರು. ಬಾಳಪ್ಪನಿಗೆ ಜೋಡಿ ರಾಮದುರ್ಗದ ಪೈಲ್ವಾನ. ಬೆಳಗಾವಿಯ ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಹದಿನೈದು ದಿನ ಮೊದಲೇ ಸುದ್ದಿಯಾಗಿತ್ತು.

ಕುಸ್ತಿಯ ದಿನ ಬೆಳಿಗ್ಗೆ ನಾನು ಮಗಳ ಕೆಮ್ಮಿಗೆ ಔಷಧಿ ತರಲು ಸರಕಾರಿ ದವಾಖಾನೆಗೆ ಹೋಗಿದ್ದೆ. ಹಿಂಬದಿಯ ಬೇವಿನ ಮರದ ಕೆಳಗೆ ಮೆಂಬರರ ಕಮಾನು ಗಾಡಿ ನಿಂತಿತ್ತು. ಒಳಗೆ ಎರಡು ಕಂಬಳಿ ಹೊದ್ದು ಬಾಳಪ್ಪ ಗಡಗಡ ನಡುಗುತ್ತ ಮಲಗಿದ್ದ. ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸಿತು. ಗಾಡಿಯ ಹಿಂದೆ ಮೆಂಬರರೂ ಕಂಪೌಂಡರನೂ ಮಾತಾಡುತ್ತಿದ್ದರು.

"ಚಳಿಜ್ವರ ಐತ್ರಿ. ಮಲಗಸ್ರಿ. ಎಂಟ ದಿನಾ ಏಳಬಾರದು," ಎಂದ ಕಂಪೌಂಡರ.

"ಸಂಜಿ ತನಕ ಎದ್ದ ನಿಂತ್ರ ಸಾಕಪಾ. ಸಾಹೇಬರು ಬರಾಕತ್ಯಾರ, ಈಗ ಹೆಂಗ ನಿಲ್ಲಸ್ಲಿ?"

ಆಗ ಮೆಂಬರರು ನನ್ನನ್ನು ಕಂಡರು. ಒಂದಿಷ್ಟೂ ಗಲಿಬಿಲಿಯಾಗದೆ ನಗುತ್ತ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮಾಸ್ತರ, ಅವ್ವನ ಕಣ್ಣು ಹೆಂಗ ಅದಾವು? ನಿಮ್ಮನ್ನ ಖಾನಾಪುರದ ಕಡೆ ಹಾಕಬೇಕಂತ ಕಾಗದ ಬಂದೈತಿ. ನಾ ಇನ್ನೂ ಸಹಿ ಮಾಡಿಲ್ಲ." ಇಷ್ಟೇ. ಗಾಡಿಯ ಬಗ್ಗೆ ಒಂದು ಮಾತಿಲ್ಲ. ಆಗ ಶಾಲೆಗಳೆಲ್ಲ ಬೋರ್ಡಿನ ಕೈಯಲ್ಲಿದ್ದವು. ನನ್ನ ತಾಯಿಗೆ ಕಣ್ಣು ಪೂರ್ತಿ ಹೋಗಿತ್ತು, ಹೆಂಡತಿ ಎರಡನೆಯ ಬಸುರಿ. ನಾನು ಔಷಧಿಯ ಬಾಟಲಿ ಹಿಡಿದುಕೊಂಡು ಮನೆಗೆ ಬಂದೆ.

ಕುಸ್ತಿ ನಡೆಯಿತು. ಸಾಹೇಬರು ಬರಲೇ ಇಲ್ಲ. ಬಾಳಪ್ಪ ಕಣಕ್ಕಿಳಿದಾಗ ಅವನ ಕಣ್ಣುಗಳು ಕೆಂಪಗಿದ್ದವು. ಜನ ಅದನ್ನು ರೋಷ ಎಂದುಕೊಂಡು ಕೂಗಿದರು. ಹತ್ತಿಪ್ಪತ್ತು ಎಣಿಸುವಷ್ಟರಲ್ಲಿ ರಾಮದುರ್ಗದವನು ಅವನ ಕಾಲಿಗೆ ಕೈಹಾಕಿ ಅಂಗಾತ ಕೆಡವಿದ. ಕಾಕಾ ಎದ್ದು ಹೋಗಿ ಬಾಳಪ್ಪನ ಬೆನ್ನ ಮೇಲೆ ಅಂಗೈ ಆಡಿಸಿದರು. ಮಣ್ಣೆಲ್ಲ ಉದುರಿತು. ಬೆನ್ನು ಒಣಗಿತ್ತು, ಬೆವರಿನ ಪಸೆಯೂ ಇರಲಿಲ್ಲ.

"ಬೆವರ ಬರಲಾರದ ಕುಸ್ತಿ ಹಿಡದೇನೋ?" ಎಂದರು.

"ಕಾಕಾ, ನನಗ ಜ್ವರಾ ಬಂದಾವ್ರಿ."

"ಬಿದ್ದವರಿಗೆಲ್ಲಾ ಜ್ವರಾ ಬರತಾವು."

ಜನ ಗೊಳ್ಳೆಂದರು. ಆದರೂ ಕಾಕಾ ಕಾಕಾನೇ. ತೀರ್ಪು ಹೇಳುವ ಮೊದಲು ಮೆಂಬರರ ಕುರ್ಚಿಯ ಕಡೆ ತಿರುಗಿ, "ಸಾಹೇಬ್ರ, ನಿಮ್ಮ ಮನ್ಯಾಗ ಇರೋ ಹುಡುಗ. ಜ್ವರಾ ಇದ್ದವೇನ್ರಿ?" ಎಂದು ಕೇಳಿದರು. ಮೆಂಬರರು ಬಹಳ ನೊಂದವರಂತೆ ತಲೆ ಅಲ್ಲಾಡಿಸಿ, "ಮುಂಜಾನಿ ಆರಾಮ ಇದ್ದನಪಾ" ಎಂದರು. ಕಾಕಾ ಕಣದ ನಡುವೆ ನಿಂತು ಸುತ್ತಲಿನ ಜನರಿಗೆಲ್ಲ ಕೇಳುವಂತೆ ಕೂಗಿದರು: "ಇಂವಗ ಜ್ವರಾ ಇದ್ದದ್ದ ನೋಡಿದವರ ಯಾರರ ಅದೀರೇನು? ಇದ್ರ ಮುಂದ ಬರ್ರಿ!"

ನಾನು ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವರ ಕಣ್ಣು ನನ್ನ ಮೇಲೂ ಹಾದು ಹೋಯಿತು. ನಾನು ನನ್ನ ಕೊಡೆಯ ಹಿಡಿಕೆ ನೋಡುತ್ತ ನಿಂತೆ. ಎರಡನೆಯ ಸಲ ಕೂಗಿದರು. ಆಮೇಲೆ ಹಲಗೆಯವನ ಕಡೆ ತಿರುಗಿ ಆ ಮಾತು ಹೇಳಿಬಿಟ್ಟರು.

ಮೆಂಬರರು ಕುರ್ಚಿಯಿಂದ ಎದ್ದು ಅಲ್ಲೇ ಭಾಷಣ ಮಾಡಿದರು. ತಮ್ಮ ಮನೆಯ ಅನ್ನ ಉಂಡವನಾದರೂ ಮೋಸ ಮಾಡಿದವನನ್ನು ತಾವು ಸಹಿಸುವುದಿಲ್ಲ, ಇವತ್ತೇ ಅವನ ಖುರಾಕು ಬಂದ್ ಎಂದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳು ಅವರೇ ಆರಿಸಿ ಬಂದರು. ಕಂಪೌಂಡರನಿಗೆ ಎಲ್ಲಿಗೋ ಬದಲಿಯಾಯಿತು. ನನಗೆ ಆಗಲಿಲ್ಲ.

ಕಾಕಾ ಅವರಂಥ ಕಾಕಾ ಹೇಗೆ ಮೋಸಹೋದರು ಎಂದು ನೀವು ಕೇಳಬಹುದು. ನನಗೆ ಆಮೇಲೆ ತಿಳಿಯಿತು. ಅಂದು ಮಧ್ಯಾಹ್ನ ಮೆಂಬರರು ಅವರನ್ನು ಪಕ್ಕಕ್ಕೆ ಕರೆದು, "ಹುಡುಗಾ ರಾಮದುರ್ಗದವರ ಕೂಡ ಒಳಗಿಂದೊಳಗ ಸೇರ್ಯಾನಂತ ಸುದ್ದಿ ಐತಿ, ತುಸು ಕಣ್ಣಿಡ್ರಿ" ಎಂದು ಕಿವಿಯಲ್ಲಿ ಊದಿದ್ದರು. ಹುಡುಗ ಸೋತರೆ, ಜ್ವರದಲ್ಲಿದ್ದವನನ್ನು ಎಳೆತಂದ ಮಾತು ತಮ್ಮ ಮೇಲೆ ಬರಬಾರದಲ್ಲ! ಒಳ್ಳೆಯ ಸುದ್ದಿ ತಂದವನನ್ನು "ನೀ ನೋಡಿಯೇನು?" ಎಂದು ಗದರಿಸುತ್ತಿದ್ದ ಕಾಕಾ, ಕೆಟ್ಟ ಸುದ್ದಿ ತಂದವನನ್ನು ಅಷ್ಟು ಗಟ್ಟಿಯಾಗಿ ಕೇಳುತ್ತಿರಲಿಲ್ಲ. ಅವರ ಈ ದೋಷವನ್ನು ನಾನು ಗಮನಿಸಿರಲಿಲ್ಲ, ಮೆಂಬರರು ಗಮನಿಸಿದ್ದರು. ಸದಾ ಕ್ಷೇಮ ವಿಚಾರಿಸುತ್ತಿದ್ದದ್ದು ಸುಮ್ಮನಲ್ಲ.

ಮುಂದಿನ ಮಳೆಗಾಲ ಮುಗಿಯುವಾಗ ನನ್ನ ಮಗಳಿಗೆ ಚಳಿಜ್ವರ ಬಂತು. ಮಧ್ಯಾಹ್ನ ಎಂದಿನಂತೆ ಬಂದ ಕಾಕಾ, ಕೂಸು ಮಲಗಿದ್ದು ಕಂಡು ಪತ್ರಿಕೆ ಪಕ್ಕಕ್ಕಿಟ್ಟು ಒಳಗೆ ಬಂದರು. ಚಳಿ ಬಿಟ್ಟು ಕಾವು ಏರಿದ್ದ ಹೊತ್ತು. ಅವಳ ಹಣೆ ಮುಟ್ಟಿದರು, ಕೊರಳು ಮುಟ್ಟಿದರು, ಅಂಗಿಯೊಳಗೆ ಕೈಹಾಕಿ ಬೆನ್ನು ಮುಟ್ಟಿದರು. ಕೈ ಅಲ್ಲೇ ನಿಂತಿತು.

"ತಂಗೀ, ಇಷ್ಟ ಸುಡಾಕತ್ತೈತಿ, ಬೆವರ ಯಾಕಿಲ್ಲ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

"ಜ್ವರಾ ಇಳಿಯೂ ಮುಂದ ಬೆವರ ಬರತೈತ್ರಿ ಕಾಕಾ. ಅಲ್ಲೀತನಾ ಮೈ ಹಿಂಗ ಒಣಗೇ ಇರತೈತಿ."

ಕಾಕಾ ಕೈ ತೆಗೆದು, ಅಂಗೈಯನ್ನು ತಮ್ಮ ಕಣ್ಣೆದುರು ಹಿಡಿದು ನೋಡಿಕೊಂಡರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತ ಮೇಲೆ ಅವರು ಹೇಳಿದ ಮಾತು ಇದು: "ಮಾಸ್ತರ, ಅವತ್ತ ನನ್ನ ಕೈಗೆ ಬಿಸಿ ಹತ್ತಿತ್ತು. ಆ ಹುಡುಗನ ಬೆನ್ನ ಹಿಂಗ ಸುಡತಿತ್ತು. ನನಗ ಗೊತ್ತಾಗಿತ್ತು. ನಾ ಮಣ್ಣ ಅಷ್ಟ ನೋಡಿದೆ."

ಅಷ್ಟು ದೊಡ್ಡ ಮನುಷ್ಯ ಕೂಸಿನ ಹಾಗೆ ಕೂತಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಗಾಡಿ, ಕಂಬಳಿ, ಕಂಪೌಂಡರ, ಮೆಂಬರರ ಮಾತು, ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೇಳಿದ್ದು ಇಷ್ಟೇ:

"ಇದನ್ನ ನಾಕ ಮಂದಿ ಮುಂದ ಹೇಳ್ತೀರೇನ್ರಿ?"

"ನನ್ನ ಹೆಸರು ತರಬ್ಯಾಡ್ರಿ ಕಾಕಾ. ಅವ್ವಗ ಕಣ್ಣಿಲ್ಲ. ನನ್ನ ಖಾನಾಪುರದ ಅಡವ್ಯಾಗ ಒಗದ್ರ ಆಕೀನ ಎಲ್ಲಿಗೆ ಕರಕೊಂಡ ಹೋಗ್ಲಿ?"

ಅವರು ತಲೆಯ ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಂಡರು. "ಆತು. ತರಂಗಿಲ್ಲ," ಎಂದರು.

ಅದಾದ ಮೇಲಿನ ದೊಡ್ಡ ಕುಸ್ತಿ ಕಿತ್ತೂರಿನಲ್ಲಿ, ಹಳೆಯ ಕೋಟೆಯ ಬಯಲಿನಲ್ಲಿ. ನಾನೂ ಹೋಗಿದ್ದೆ. ಮೊದಲ ಜೋಡಿ ಇಳಿಯುವ ಮುಂಚೆ ಕಾಕಾ ಒಬ್ಬರೇ ಕಣದ ನಡುವೆ ನಿಂತು, ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮನೋಳಿ ಬಾಳಪ್ಪ ನೂರಾ ಹಿಡಿದಿಲ್ಲ. ಅವಗ ಜ್ವರಾ ಇದ್ದವು. ತಪ್ಪ ನಂದು. ಹೋದ ವರ್ಷ ಕೊಟ್ಟ ತೀರ್ಪ ನಾನ ತಿರಗಿ ತೊಗೋತೇನಿ. ಜ್ವರಾ ಇದ್ದದ್ದ ಗೊತ್ತಿದ್ದೂ ಅವನ್ನ ಕಣಕ್ಕ ಇಳಿಸಿದವರು ಉತ್ತರಾ ಕೊಡಬೇಕು," ಎಂದರು.

ಮೆಂಬರರ ಕಡೆಯವನೊಬ್ಬ ಗುಂಪಿನೊಳಗಿಂದ ಕೂಗಿದ: "ನೋಡಿದವರ ಯಾರ್ರಿ ಕಾಕಾ?"

ಅವರದೇ ಪ್ರಶ್ನೆ. ಬಯಲೆಲ್ಲ ನಕ್ಕಿತು. ಕಾಕಾ ನಗು ನಿಲ್ಲುವತನಕ ಕಾದು, "ಅದಾರ. ಹೇಳಂಗಿಲ್ಲ. ಮಾತು ಕೊಟ್ಟೇನಿ," ಎಂದರು. ಆ ಮೇಲೆ ಎದ್ದ ಗದ್ದಲದಲ್ಲಿ ಯಾರು ಏನೆಂದರೋ ತಿಳಿಯದು. ಮುದುಕನನ್ನು ಮನೋಳಿಯವರು ತಮ್ಮ ಕಡೆ ಮಾಡಿಕೊಂಡಿದ್ದಾರೆ ಎಂದರು, ಅರವತ್ತರ ಅರಳುಮರಳು ಎಂದರು. ಕಾಕಾ ಮಾತ್ರ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನಾನು ಎಲ್ಲಿ ನಿಂತಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರುವಾಗ ಒಂದೇ ಚಕ್ಕಡಿಯಲ್ಲಿ ಬಂದಿದ್ದೆವು. ತಪ್ಪು ಮಾಡಿದ ಪಂಚ ಕಣದಲ್ಲಿ ಇರಬಾರದೆಂದು ಹೇಳಿ ಅಂದಿಗೇ ಆ ಕೆಲಸ ಬಿಟ್ಟರು. ಕರೆಯಲಿಕ್ಕೆ ಮತ್ತೆ ಯಾರೂ ಬರಲೂ ಇಲ್ಲ.

ಅಲ್ಲಿಂದ ಅವರು ಮನೋಳಿಗೆ ಬಾಳಪ್ಪನ ಮನೆಗೆ ಹೋಗಿ ಬಂದರು. ಅಲ್ಲಿ ಏನಾಯಿತೆಂದು ನನಗೆ ಹೇಳಲಿಲ್ಲ. ಅವರ ಹೆಂಡತಿ ಹೇಳಿದ್ದು ಇಷ್ಟು: "ನೀರ ಕೊಟ್ಟನಂತ್ರಿ. ಮಾತ ಆಡಲಿಲ್ಲಂತ. ಅವತ್ತಿನಿಂದ ಇವರು ಉಪ್ಪ ನೋಡೂದ ಬಿಟ್ಟಾರ. ಹಾಕಿದ್ದ ಉಣತಾರ." ಇದನ್ನು ಹೇಳುವಾಗ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ಹಾಗೆಂದು ಅವರು ಮೂಲೆ ಸೇರಿದರೆಂದಲ್ಲ. ಮೆಂಬರರು ಎಲ್ಲಿ ಸಭೆ ಮಾಡಿದರೂ ಹಿಂದಿನ ಸಾಲಿನಲ್ಲಿ ಎದ್ದು ನಿಂತು ಒಂದೇ ಮಾತು ಕೇಳುತ್ತಿದ್ದರು: "ಸಾಹೇಬ್ರ, ಅವತ್ತ ಮುಂಜಾನಿ ನಿಮ್ಮ ಗಾಡ್ಯಾಗ ಯಾರು ಮಲಗಿದ್ರು?" ವರ್ಷಕ್ಕೆ ಒಂದೆರಡು ಸಲವಾದರೂ ಇದು ಇದ್ದದ್ದೇ. ಮೊದಮೊದಲು ಮೆಂಬರರು ಸಿಟ್ಟಾದರು, ಆಮೇಲೆ ನಗೆಯಾಡಿದರು, ಕೊನೆಗೆ ಕಾಕಾ ಏಳುತ್ತಿದ್ದಂತೆಯೇ ಜನರೇ "ಗಾಡಿ ಬಂತು, ಗಾಡಿ ಬಂತು" ಎನ್ನತೊಡಗಿದರು. ಕಾಕಾ ಕೇಳುವುದನ್ನು ಕೇಳಿ, ಉತ್ತರಕ್ಕೆ ಒಂದಿಷ್ಟು ಹೊತ್ತು ನಿಂತು, ಕೂತುಕೊಳ್ಳುತ್ತಿದ್ದರು. ನಾನು ಆಗೆಲ್ಲ ಮುಂದಿನ ಸಾಲಿನಲ್ಲಿ, ಮಾಸ್ತರರಿಗೆಂದು ಹಾಕಿದ ಬೆಂಚಿನ ಮೇಲೆ ಇರುತ್ತಿದ್ದೆ. ನನ್ನ ತಾಯಿ ತೀರಿಕೊಂಡರು. ಆಗ ನನ್ನ ನೆವವೂ ತೀರಿತು. ಆದರೂ ನಾನು ಏಳಲಿಲ್ಲ. ತಡವಾದ ಮಾತನ್ನು ಆಡಲು ಮೊದಲಿಗಿಂತ ಹೆಚ್ಚು ಧೈರ್ಯ ಬೇಕು, ಅದು ನನ್ನಲ್ಲಿ ಮೊದಲೇ ಇರಲಿಲ್ಲ. ಕಾಕಾ ನಮ್ಮ ಕಟ್ಟೆಗೆ ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಪತ್ರಿಕೆ ಓದಿಸಿಕೊಳ್ಳುತ್ತಿದ್ದರು. ಊರಿನವರನ್ನೆಲ್ಲ ಪ್ರಶ್ನೆ ಕೇಳುತ್ತಿದ್ದ ಮನುಷ್ಯ ನನ್ನನ್ನು ಆ ವಿಷಯವಾಗಿ ಮತ್ತೊಮ್ಮೆ ಕೇಳಲಿಲ್ಲ. ಅದು ಕರುಣೆಯೋ ಶಿಕ್ಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಳಪ್ಪ ಕುಸ್ತಿ ಬಿಟ್ಟು ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಹಮಾಲನಾದ. ಇಬ್ಬರು ಎತ್ತುವ ಹತ್ತಿಯ ಅಂಡಿಗೆಯನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದ. ಪೇಟೆಯ ಪೋರರು ಅವನನ್ನು "ನೂರಾ" ಎಂದೇ ಕರೆಯುತ್ತಿದ್ದರು. ಅದೇ ಹೆಸರೇನೋ ಎಂಬಂತೆ ಅವನು ಓಗೊಡುತ್ತಿದ್ದ. ಅವನ ಮಗನಿಗೆ ಗರಡಿಮನೆಯಲ್ಲಿ ಜೋಡಿ ಕೊಡುವವರಿರಲಿಲ್ಲ.

ಕಾಕಾ ಸತ್ತದ್ದು ಹೊಲದಲ್ಲಿ, ಬದುವಿನ ಮೇಲೆ ಕೂತಲ್ಲೇ. ಮುಂದಿನ ವಾರ ನಮ್ಮ ಶಾಲೆಯಲ್ಲೇ ಶೋಕಸಭೆ ಕರೆದರು. ಮೆಂಬರರು ಈಗ ಬೋರ್ಡಿನ ಅಧ್ಯಕ್ಷರು. ತಲೆ ನೆರೆತಿದೆ, ಮಾತು ಇನ್ನೂ ಸಿಹಿಯಾಗಿದೆ. ಕಾಕಾ ತಮ್ಮ ಹಿರಿಯಣ್ಣನಂತಿದ್ದರು ಎಂದರು. ಬಾವಿಯ ಕಥೆಯನ್ನು ತಾವೇ ಹೇಳಿ ಎಲ್ಲರನ್ನೂ ನಗಿಸಿದರು. ಕೊನೆಗೆ ಶಲ್ಯದಿಂದ ಕಣ್ಣೊತ್ತಿಕೊಂಡು, "ಮೂವತ್ತು ವರ್ಷ ಪಂಚರಾಗಿ ನಿಂತರೂ ಅವರು ಕೊಟ್ಟ ಒಂದೇ ಒಂದು ತೀರ್ಪೂ ತಪ್ಪಲಿಲ್ಲ" ಎಂದರು. ಜನ ಹೌದು ಹೌದು ಎಂದರು. ಬಾಗಿಲ ಬಳಿ, ತಲೆಗೂದಲಲ್ಲಿ ಹತ್ತಿಯ ಎಳೆ ಮೆತ್ತಿಕೊಂಡು, ಪೇಟೆಯಿಂದ ನೇರವಾಗಿ ಬಂದಿದ್ದ ಬಾಳಪ್ಪ ನೆಲದ ಮೇಲೆ ಕೂತಿದ್ದ.

ಆ ಹೊಗಳಿಕೆಯ ಕೆಳಗೆ ಏನನ್ನು ಹುಗಿಯುತ್ತಿದ್ದಾರೆಂದು ಆ ಸಭೆಯಲ್ಲಿ ತಿಳಿದವರು ಮೂವರೇ: ಅವರು, ಬಾಳಪ್ಪ, ನಾನು. ನನಗೆ ಒಮ್ಮೆಲೇ ಮೈಯೆಲ್ಲ ಬೆಂಕಿಯಾಯಿತು. ಎದ್ದು ನಿಂತೆ.

"ಒಂದು ತಪ್ಪಿತ್ರಿ," ಎಂದೆ. "ಅದನ್ನ ಅವರ ತಿದ್ದಕೊಂಡ್ರು. ತಪ್ಪ ಮಾಡಿಸಿದವರು ನೀವು. ಅವತ್ತ ಮುಂಜಾನಿ ದವಾಖಾನಿ ಹಿಂದ ನಿಮ್ಮ ಗಾಡ್ಯಾಗ ಮಲಗಿದಾಂವ ಬಾಳಪ್ಪ. ಎರಡು ಕಂಬಳಿ ಹೊಚ್ಚಿದ್ರಿ. ಎಂಟ ದಿನಾ ಏಳಬಾರದು ಅಂತ ಕಂಪೌಂಡರ ನಿಮಗ ಹೇಳಿದ್ದ ನಾ ಕಿವಿಲೆ ಕೇಳೇನಿ. ನೋಡಿದಾಂವ ನಾನು."

"ಮಾಸ್ತರಿಗೆ ದುಃಖ ಆಗೇತಿ. ಕುಂದರಸ್ರಿ ಅವರನ್ನ," ಎಂದರು ಅಧ್ಯಕ್ಷರು, ಮೆಲ್ಲಗೆ.

ನಾನು ಕೂಡಲಿಲ್ಲ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಆಡಿದ ಮಾತನ್ನೂ ಹೇಳಿದೆ, ಕಣದಲ್ಲಿ ಕಾಕಾ ಎರಡು ಸಲ ಕೂಗಿದಾಗ ನಾನು ಹತ್ತು ಹೆಜ್ಜೆಯಲ್ಲಿ ನಿಂತು ಕೊಡೆ ನೋಡುತ್ತಿದ್ದುದನ್ನೂ ಹೇಳಿದೆ. ಯಾರೂ ನಗಲಿಲ್ಲ. ಅಧ್ಯಕ್ಷರು ಶಲ್ಯ ಸರಿಮಾಡಿಕೊಂಡು ಹೊರಗೆ ನಡೆದರು. ಅವರ ಹಿಂದೆ ಎದ್ದು ಹೋದವರು ನಾಲ್ಕೇ ಮಂದಿ. (ನನಗೆ ಬದಲಿಯ ಹುಕುಂ ಹನ್ನೆರಡನೆಯ ದಿನಕ್ಕೆ ಬಂತು. ಅದೇನು ಹೇಳಿಕೊಳ್ಳುವಂಥ ವಿಷಯವಲ್ಲ.)

ಬಾಳಪ್ಪ ಎದ್ದು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಎದುರಿಗೆ ಬಂದು ನಿಂತ. ಕಾಲು ಮುಟ್ಟಲು ಬಗ್ಗುತ್ತಾನೇನೋ ಎಂದು, ನಾಚಿಕೆಯಿಲ್ಲದ ನನ್ನ ಮನಸ್ಸು, ಒಂದು ಕ್ಷಣ ಅಂದುಕೊಂಡಿತು. ಅವನು ಬಗ್ಗಲಿಲ್ಲ. ಅಷ್ಟು ಎತ್ತರದಿಂದ ನನ್ನ ಮುಖ ನೋಡಿ, ಎಂದಿನ ಮೆಲುದನಿಯಲ್ಲೇ ಕೇಳಿದ:

"ಇಷ್ಟ ವರ್ಷ ಎಲ್ಲಿದ್ರಿ, ಮಾಸ್ತರ?"

ಶಾಲೆ ತುಂಬ ಜನ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಇಲ್ಲೇ ಇದ್ನೋ ಬಾಳಪ್ಪಾ," ಎಂದೆ.